ಚಲಾವಣೆ ತಪ್ಪಿದ ನೋಟು ಹೇಳುವ ಕಥೆ

(ಆನವಟ್ಟಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕುಬಟೂರಿನ ಕೈಟಭೇಶ್ವರ ದೇವಾಲಯ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಕಲ್ಲಿನ ಮೇಲಿನ ಅಕ್ಷರ ಇತಿಹಾಸವೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಜ್ಜನ ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗದ ಹಾಳೆಗಳ ನಡುವೆ ಸಿಕ್ಕುವ ಹಳೆಯ ನೋಟನ್ನು ನಾವು ಹಾಗೆ ನೋಡುವುದಿಲ್ಲ. ‘ಇದಕ್ಕೆ ಎಷ್ಟು ಬಂದೀತು?’ ಎಂಬುದೇ ನಮ್ಮ ಮೊದಲ ಪ್ರಶ್ನೆ. ‘ಇದರಲ್ಲಿ ಏನು ಬರೆದಿದೆ?’ ಎಂದು ಕೇಳುವವನಿಗೆ ಸಿಕ್ಕುವ ಸಂತೋಷವೇ ಬೇರೆ. ಆ ಸಂತೋಷದ ಬಗ್ಗೆ ಇಂದು ನಾಲ್ಕು ಮಾತು.

ನಮ್ಮ ದೇಶದಲ್ಲಿ ಮೊದಲು ನೋಟು ಹೊರಡಿಸಿದವು ಬ್ಯಾಂಕುಗಳು. 1861ರ ಕಾಯ್ದೆಯಿಂದ ಆ ಅಧಿಕಾರ ಸರ್ಕಾರದ ಕೈಸೇರಿತು. ಸರ್ಕಾರ ದೇಶವನ್ನು ವಲಯಗಳಾಗಿ ವಿಂಗಡಿಸಿತು. ಒಂದು ವಲಯದ ನೋಟಿಗೆ ಆ ವಲಯದಲ್ಲಷ್ಟೇ ಕಾನೂನಿನ ಬಲ. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಬಳ್ಳಾರಿ ಮದರಾಸಿನಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದ ಮೇಲೆ ಕಾರವಾರ ಒಂದು ಕಡೆ, ಮಂಗಳೂರು ಇನ್ನೊಂದು ಕಡೆ. ಧಾರವಾಡದ ವ್ಯಾಪಾರಿ ಒಯ್ದ ಮುಂಬಯಿ ನೋಟನ್ನು ಬಳ್ಳಾರಿಯ ಅಂಗಡಿಯವನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಇರಲಿಲ್ಲ. 1903ರಲ್ಲಿ ಐದು ರೂಪಾಯಿ ನೋಟಿನಿಂದ ಮೊದಲಾಗಿ ಈ ಬೇಲಿ ಸಡಿಲವಾಯಿತು. ಕನ್ನಡ ನಾಡು ಹರಿದು ಹಂಚಿಹೋಗಿದ್ದುದಕ್ಕೆ ನೋಟಿನ ಮೇಲೆ ಅಚ್ಚಾದ ವಲಯದ ಹೆಸರೂ ಒಂದು ಸಾಕ್ಷಿ.

ಮುಂದೆ ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂತು. 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹೊರಬಿತ್ತು. ಅದರ ಹಿಂದೆಯೇ ಎರಡು ರೂಪಾಯಿ ಎಂಟಾಣೆಯ ವಿಚಿತ್ರ ನೋಟು ಬಂತು. ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ, ಸದ್ದು ಕೇಳಿ ಒಪ್ಪಿಕೊಳ್ಳುತ್ತಿದ್ದ ಜನ ಸದ್ದಿಲ್ಲದ ಕಾಗದವನ್ನು ನಂಬಬೇಕಾಗಿತ್ತು. ಆ ಒಂದು ರೂಪಾಯಿ ನೋಟಿನ ಮೇಲೆ ಐದನೇ ಜಾರ್ಜ್ ದೊರೆಯ ಬೆಳ್ಳಿ ನಾಣ್ಯದ ಚಿತ್ರವೇ ಇದೆ. ಬೆಲೆಯನ್ನು ಎಂಟು ದೇಶಭಾಷೆಗಳಲ್ಲಿ ಹೇಳಿದೆ, ಅವುಗಳಲ್ಲಿ ಕನ್ನಡವೂ ಒಂದು. 1926ರಲ್ಲಿ ಈ ಎರಡು ನೋಟುಗಳೂ ನಿಂತವು.

ಕನ್ನಡಿಗರು ಮರೆತ ಇನ್ನೊಂದು ನೋಟಿದೆ. ಹೈದರಾಬಾದ್ ಸಂಸ್ಥಾನ 1918ರಿಂದ ಉಸ್ಮಾನಿಯಾ ಸಿಕ್ಕಾ ಎಂಬ ತನ್ನದೇ ನೋಟು ಹೊರಡಿಸಿತು. ಬೀದರ್, ಕಲಬುರಗಿ, ರಾಯಚೂರು ಆ ಸಂಸ್ಥಾನದಲ್ಲಿದ್ದುದರಿಂದ ಉರ್ದು, ತೆಲುಗು, ಮರಾಠಿಗಳ ಜೊತೆ ಕನ್ನಡಕ್ಕೂ ಅದರಲ್ಲಿ ಜಾಗವಿತ್ತು. ಬ್ರಿಟಿಷರ ಆರು ರೂಪಾಯಿಗೆ ನಿಜಾಮರ ಏಳು ರೂಪಾಯಿ, ಇದು ಹೆಚ್ಚುಕಡಿಮೆ ನಡೆಯುತ್ತಿದ್ದ ಲೆಕ್ಕ. 1922ರ ಮೇ 20ರಂದು ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ‘ಈಜಿಪ್ಟ್’ ಹಡಗು ಫ್ರಾನ್ಸಿನ ಕರಾವಳಿಯಾಚೆ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಅದರಲ್ಲಿ ಚಿನ್ನ, ಬೆಳ್ಳಿಯ ಜೊತೆ ಹೈದರಾಬಾದಿನ ನೋಟುಗಳೂ ಇದ್ದವು. ಹತ್ತು ವರ್ಷಗಳ ಮೇಲೆ, 1932ರಲ್ಲಿ, ಇಟಲಿಯ ಮುಳುಗುಗಾರರು ಚಿನ್ನವನ್ನು ಮೇಲೆತ್ತುವಾಗ ಆ ನೋಟುಗಳೂ ಮೇಲೆ ಬಂದವು.

ಸಂಶೋಧನೆಗೆ ದೊಡ್ಡ ಗ್ರಂಥಾಲಯವೇ ಬೇಕೆಂದಿಲ್ಲ, ಒಂದು ಭೂತಗನ್ನಡಿ ಸಾಕು. ರಿಸರ್ವ್ ಬ್ಯಾಂಕಿನ ಹಳೆಯ ನೋಟಿನಲ್ಲಿ ಮುದ್ರಣದ ವರ್ಷವಿಲ್ಲ, ಸಹಿಯೇ ಕಾಲವನ್ನು ಹೇಳಬೇಕು. ಬೆನೆಗಲ್ ರಾಮರಾಯರ ಸಹಿ ಕಂಡರೆ ಅದು 1949ರಿಂದ 1957ರೊಳಗಿನ ಮಾತು. ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್ ಅವರ ಸಹಿಯನ್ನು ಹುಡುಕುತ್ತಾ ಹೋದರೆ ಎಲ್ಲಿಯೂ ಸಿಗದು. ಬ್ಯಾಂಕಿನ ಮೊದಲ ನೋಟು 1938ರ ಜನವರಿಯಲ್ಲಿ ಬಂದಾಗ ಅವರು ಹುದ್ದೆಯಲ್ಲಿರಲಿಲ್ಲ. ಅದಕ್ಕೆ ಸಹಿ ಹಾಕಿದವರು ಜೇಮ್ಸ್ ಟೇಲರ್. ಇನ್ನು ಒಂದು ರೂಪಾಯಿ ನೋಟಿನಲ್ಲಿ ಗವರ್ನರ್ ಸಹಿಯನ್ನೇ ಹುಡುಕಬೇಡಿ. ಅದು ಭಾರತ ಸರ್ಕಾರದ ನೋಟು, ಸಹಿ ಹಣಕಾಸು ಕಾರ್ಯದರ್ಶಿಯವರದು.

ಎರಡು ಎಚ್ಚರಿಕೆ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳನ್ನು ಒಬ್ಬರು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದು 2017ರ ಕಾಯ್ದೆ ಹೇಳುತ್ತದೆ. ಅಧ್ಯಯನ, ಸಂಶೋಧನೆ, ಸಂಗ್ರಹಕ್ಕಾದರೆ ಇಪ್ಪತ್ತೈದರವರೆಗೆ ಅವಕಾಶವಿದೆ. ಸಂಗ್ರಾಹಕನಿಗೆ ಕಾನೂನೇ ಕೊಟ್ಟ ಮರ್ಯಾದೆ ಇದು! ಎರಡನೆಯದು, ಹಳೆಯ ನೋಟಿಗೆ ಲಕ್ಷ ಕೊಡುತ್ತೇವೆಂದು ಮೊದಲು ಶುಲ್ಕ ಕೇಳುವವರನ್ನು ನಂಬಬೇಡಿ. ತನ್ನ ಹೆಸರಿನಲ್ಲಿ ಇಂಥ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಮಲೆನಾಡಿನ ಮಳೆ, ಗೆದ್ದಲು ನಿಮಗೆ ಗೊತ್ತು. ಕಲ್ಲು ಕಾಯುತ್ತದೆ, ಕಾಗದ ಕಾಯುವುದಿಲ್ಲ. ಸಿಕ್ಕಿದ ನೋಟಿಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ; ಒಣ ಜಾಗದಲ್ಲಿ ಮಡಿಸದೆ ಇಡಿ. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೇಳಿ: ಈ ನೋಟು ಬಂದದ್ದು ಅಡಿಕೆ ಮಾರಿದ್ದಕ್ಕೋ, ಮದುವೆಯ ಮುಯ್ಯಿಗೋ? ಇಟ್ಟವರು ಯಾರು? ಅದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಚೀಟಿ ಇಲ್ಲದ ನೋಟು ಅಂಗಡಿಯ ಸರಕು, ಇದ್ದರೆ ಅದು ನಿಮ್ಮ ಮನೆಯ ಶಾಸನ. ನೋಟು ಇನ್ನೂ ಕೆಲವು ಕಾಲ ಉಳಿದೀತು, ಅದರ ಕಥೆ ಬಲ್ಲ ಹಿರಿಯರು ಎಷ್ಟು ದಿನ ಇದ್ದಾರು? ಕೇಳುವುದನ್ನು ನಾಳೆಗೆ ಇಡಬೇಡಿ.