ದಾನದ ಹಣ ಸಂಬಳಕ್ಕೂ ಸಲ್ಲಲಿ



ದತ್ತಿ ಸಂಸ್ಥೆಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ವಿಭಾಗಗಳು ಮತ್ತು ಹಳ್ಳಿಗಾಡಿನಲ್ಲಿ ಆರೋಗ್ಯದ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು ಒಂದೇ ಚಪ್ಪರದಡಿ ಸೇರಿರುವ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದಕ್ಕೆ ಕೃತಜ್ಞತೆಗಳು. ಹಣ ಕೊಡುವವರೂ ಪಡೆಯುವವರೂ ಇಲ್ಲಿದ್ದೀರಿ. ಇಬ್ಬರ ಮುಂದೆಯೂ ಇಡಬೇಕಾದ ಮಾತು ಒಂದೇ. ಆರೋಗ್ಯದ ಅಂತರ ತಗ್ಗಬೇಕೆಂದು ನಾವು ಕೊಡುವ ಹಣ ಕಟ್ಟಡ, ಯಂತ್ರ, ಆಂಬುಲೆನ್ಸುಗಳ ಕಡೆಗೆ ಬಲು ಸಲೀಸಾಗಿ ಹರಿಯುತ್ತದೆ. ಅವುಗಳ ಹಿಂದೆ ನಿಂತು ದುಡಿಯಬೇಕಾದ ಮನುಷ್ಯರ ಕಡೆಗೆ ಹರಿಯುವುದಿಲ್ಲ. ಈ ಪದ್ಧತಿ ಬದಲಾಗದಿದ್ದರೆ ನಮ್ಮ ಔದಾರ್ಯ ಎಷ್ಟು ಹೆಚ್ಚಿದರೂ ಅಂತರ ಉಳಿದೇ ಉಳಿಯುತ್ತದೆ.

ಕರ್ನಾಟಕದಲ್ಲಿ ಈ ಅಂತರ ಎಲ್ಲಿದೆ ಎಂಬುದು ಗುಟ್ಟೇನಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಅದರಲ್ಲೂ 21 ಕಲಬುರಗಿ ವಿಭಾಗದವು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ನಮ್ಮ ರಾಜ್ಯದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಮೂವತ್ತೈದು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಯಾದಗಿರಿಯಲ್ಲಿ ಅಂಥ ಮಕ್ಕಳು ಅರ್ಧಕ್ಕಿಂತ ಹೆಚ್ಚಿದ್ದರು. ಆದರೆ ಇದನ್ನು ಬರೀ ಉತ್ತರ-ದಕ್ಷಿಣದ ಲೆಕ್ಕವಾಗಿ ನೋಡುವುದು ಬೇಡ. ಪಾವಗಡದ ಫ್ಲೋರೈಡ್ ನೀರೂ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಪೋಡುಗಳೂ ದಕ್ಷಿಣದವೇ. ದೊಡ್ಡ ಆಸ್ಪತ್ರೆಗಳೆಲ್ಲ ಇರುವ ಬೆಂಗಳೂರಿನಲ್ಲಿ ಕಸ ಗುಡಿಸುವವರ ಕೈಗೆ ಅವು ಎಟಕುತ್ತವೆಯೇ ಎಂದೂ ಕೇಳಬೇಕು. ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿ ಒಳ್ಳೆಯ ವೈದ್ಯಕೀಯ ಸೇವೆ ಕಡಿಮೆ ಇರುತ್ತದೆ ಎಂದು ವೇಲ್ಸ್‌ನ ಗಣಿ ಊರಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದರು. ದಾನದ ಹಣಕ್ಕೂ ಈ ನಿಯಮ ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆಂದು ಹೇಳುತ್ತದೆ. ತಾವು ವ್ಯವಹಾರ ನಡೆಸುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಹೇಳುತ್ತದೆ. ಕಾರ್ಖಾನೆಯಾಗಲಿ ಕಚೇರಿಯಾಗಲಿ ಇಲ್ಲದ ತಾಲ್ಲೂಕಿಗೆ ಆ ಆದ್ಯತೆಯಿಂದ ಏನು ಸಿಕ್ಕೀತು? ಅದು ಸಲಹೆಯೇ ಹೊರತು ಕಡ್ಡಾಯವಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದ ಮೇಲೂ ಅದನ್ನು ನೆಪ ಮಾಡಿಕೊಳ್ಳುವುದು ಸರಿಯಲ್ಲ.

ಹಣ ಹಿಂದುಳಿದ ತಾಲ್ಲೂಕನ್ನು ತಲುಪಿದರೂ ಸಾಲದು, ಅದು ಯಾವ ರೂಪದಲ್ಲಿ ತಲುಪುತ್ತದೆ ಎಂಬುದೇ ಮುಖ್ಯ. ಶುದ್ಧ ಕುಡಿಯುವ ನೀರಿನ ಘಟಕಗಳನ್ನೇ ನೋಡಿ. ಉದ್ಘಾಟನೆಯ ದಿನ ಘಟಕ ನೀರು ಕೊಡುತ್ತದೆ. ಮೆಂಬ್ರೇನ್ ಕಟ್ಟಿಕೊಂಡಾಗ ಬದಲಿಸಲು, ವಿದ್ಯುತ್ ಬಿಲ್ ಕಟ್ಟಲು, ನೋಡಿಕೊಳ್ಳುವ ಹುಡುಗನಿಗೆ ತಿಂಗಳ ಸಂಬಳ ಕೊಡಲು ಯೋಜನೆಯಲ್ಲಿ ಹಣವಿಟ್ಟಿರದಿದ್ದರೆ ಅದು ಬೀಗ ಹಾಕಿದ ಕೋಣೆಯಾಗುತ್ತದೆ, ಊರು ಮತ್ತೆ ಬೋರ್‌ವೆಲ್‌ನ ಫ್ಲೋರೈಡ್ ನೀರಿಗೇ ಮರಳುತ್ತದೆ. ನಡೆಸುವವರಿಲ್ಲದ ಡಯಾಲಿಸಿಸ್ ಯಂತ್ರಕ್ಕೂ ಇದೇ ಗತಿ. ಇದಕ್ಕೆ ಪ್ರತಿಯಾಗಿ ಮಹಾರಾಷ್ಟ್ರದ ಗಡ್‌ಚಿರೋಲಿಯನ್ನು ನೋಡಬೇಕು. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1980ರ ದಶಕದಲ್ಲಿ ಅಲ್ಲಿ ‘ಸರ್ಚ್’ ಸಂಸ್ಥೆ ಕಟ್ಟಿದರು. 39 ಹಳ್ಳಿಗಳಲ್ಲಿ ಆಯಾ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಅವರು ಬಾಣಂತಿಯ ಮನೆಗೆ ಹೋಗಿ ಕೂಸನ್ನು ತೂಗಿ, ಬೆಚ್ಚಗಿಡುವುದನ್ನು ಹೇಳಿಕೊಟ್ಟು, ಸೋಂಕು ತಗುಲಿದ್ದರೆ ಗುರುತಿಸಿ ಆ್ಯಂಟಿಬಯಾಟಿಕ್ ಕೊಡುವ ವ್ಯವಸ್ಥೆ ಮಾಡಿದರು. ಮೂರನೆಯ ವರ್ಷಕ್ಕೆ ಅಲ್ಲಿನ ನವಜಾತ ಶಿಶುಮರಣ, ಈ ಸೇವೆ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ, ಸುಮಾರು ಶೇ. 62ರಷ್ಟು ಇಳಿದಿತ್ತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ಭಾರತ ಸರ್ಕಾರ ಮನೆಭೇಟಿಯ ಈ ಆರೈಕೆಯನ್ನು ಆಶಾ ಕಾರ್ಯಕರ್ತೆಯರ ಕೆಲಸವಾಗಿ ದೇಶಕ್ಕೆಲ್ಲ ವಿಸ್ತರಿಸಿತು. ಫೋರ್ಡ್ ಮತ್ತು ಮ್ಯಾಕ್‌ಆರ್ಥರ್ ಪ್ರತಿಷ್ಠಾನಗಳ ಹಣ ಗಡ್‌ಚಿರೋಲಿಯಲ್ಲಿ ಜನರ ತರಬೇತಿಗೆ, ಓಡಾಟಕ್ಕೆ, ಪ್ರತಿ ಹುಟ್ಟು ಸಾವನ್ನು ಬರೆದಿಡುವ ಶ್ರಮಕ್ಕೆ ಸಂದಿತು. ಫೋಟೊ ತೆಗೆಸಿಕೊಳ್ಳಲು ಅಲ್ಲಿ ದೊಡ್ಡ ಕಟ್ಟಡವೇನೂ ಬೇಕಿರಲಿಲ್ಲ.

ಇದೆಲ್ಲ ಸರ್ಕಾರದ ಕರ್ತವ್ಯ, ದಾನಿಗಳು ಸಂಬಳ ಕೊಡತೊಡಗಿದರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬುದು ಮೊದಲ ಆಕ್ಷೇಪ. ಗಟ್ಟಿ ಆಕ್ಷೇಪವೇ. ಆರೋಗ್ಯ ಭಿಕ್ಷೆಯಲ್ಲ, ಹಕ್ಕು. ರಾಜ್ಯದ ಬಜೆಟ್ಟಿನ ಮುಂದೆ ನಮ್ಮೆಲ್ಲರ ದಾನ ಕೂಡಿಸಿದರೂ ಚಿಕ್ಕದು. ಆದ್ದರಿಂದಲೇ ನಮ್ಮ ಹಣ ಸರ್ಕಾರದ ವ್ಯವಸ್ಥೆಗೆ ಪರ್ಯಾಯವಾಗಿ ನಿಲ್ಲದೆ ಅದರೊಳಗೇ ಕೆಲಸ ಮಾಡಬೇಕು. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸಲು ವಹಿಸಿಕೊಂಡಿತು, ಪಕ್ಕದಲ್ಲಿ ಇನ್ನೊಂದು ಆಸ್ಪತ್ರೆ ಕಟ್ಟಲಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ 2024ರಲ್ಲಿ ಆರು ದಿನಕ್ಕೆ ಏರಿದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ. ಬಿಸಿಯೂಟದ ಅಡುಗೆಮನೆ ಮೊದಲೇ ಇತ್ತು; ದಿನನಿತ್ಯದ ಖರ್ಚನ್ನಷ್ಟೇ ಪ್ರತಿಷ್ಠಾನ ಹೊತ್ತುಕೊಂಡಿತು. ಅವಧಿ ಮುಗಿದ ಮೇಲೆ ಆ ನಾಲ್ಕು ಮೊಟ್ಟೆಗಳನ್ನು ಸರ್ಕಾರವೇ ವಹಿಸಿಕೊಳ್ಳಬೇಕು, ಅದನ್ನು ಕೇಳುವ ಜವಾಬ್ದಾರಿ ನಮ್ಮದೂ ಹೌದು.

ಎರಡನೆಯ ಆಕ್ಷೇಪ ಲೆಕ್ಕಪತ್ರದ್ದು. ಸಂಬಳಕ್ಕೆಂದು, ಹಲವು ವರ್ಷಕ್ಕೆಂದು ಕೊಟ್ಟ ಹಣ ಪೋಲಾಗುತ್ತದೆ, ಕಟ್ಟಡವಾದರೆ ಕಣ್ಣಿಗೆ ಕಾಣುತ್ತದೆ ಎನ್ನುತ್ತಾರೆ. ಆದರೆ ಕಾಣುವುದನ್ನೇ ಫಲವೆಂದು ಎಣಿಸಬಾರದು. ರಕ್ತಹೀನತೆ ಇಳಿದದ್ದನ್ನೂ ಮಕ್ಕಳ ತೂಕ ಏರಿದ್ದನ್ನೂ ಅಳೆಯಬಹುದು. ತೊಂದರೆ ಇರುವುದು ಅವಧಿಯಲ್ಲಿ. ಸಿಎಸ್‌ಆರ್ ನಿಯಮದಂತೆ ಒಂದು ಯೋಜನೆಯನ್ನು ಆರಂಭದ ವರ್ಷ ಬಿಟ್ಟು ಗರಿಷ್ಠ ಮೂರು ವರ್ಷ ನಡೆಸಬಹುದು. ಅಷ್ಟನ್ನೂ ಬಳಸದೆ ವರ್ಷ ವರ್ಷವೂ ಹೊಸ ಅರ್ಜಿ ಕೇಳುವವರಿದ್ದಾರೆ. ನುರಿತ ನರ್ಸಮ್ಮ ಮಾರ್ಚ್ ಬಂತೆಂದರೆ ಬೇರೆ ಕೆಲಸ ಹುಡುಕುವಂತಾದರೆ ತರಬೇತಿಯೂ ವ್ಯರ್ಥ. ಇನ್ನು ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಮತ್ತು ಮೂರು ವರ್ಷದ ಅನುಭವ ಇಲ್ಲದ ಸಂಸ್ಥೆಗೆ ಸಿಎಸ್‌ಆರ್ ಬಾಗಿಲೇ ತೆರೆಯದು. ತಾಂಡಾದ ಮಹಿಳಾ ಸಂಘ ಈ ಕಾಗದಗಳನ್ನು ಎಲ್ಲಿಂದ ತಂದೀತು? ದೊಡ್ಡ ಸಂಸ್ಥೆಗಳು ಅಂಥ ಸಂಘಗಳನ್ನು ಜೊತೆಗಿಟ್ಟುಕೊಂಡು ಕಾಗದದ ಭಾರ ಹೊರಬೇಕು, ತೀರ್ಮಾನ ಮಾತ್ರ ಸಂಘದ್ದೇ ಆಗಿರಬೇಕು.

ತೀರ್ಮಾನ ಸ್ಥಳೀಯರಿಗೆ ಬಿಟ್ಟರೆ ಊರಿನ ಬಲಾಢ್ಯರ ಕೈಗೆ ಹೋಗುತ್ತದೆ ಎಂಬ ಭಯವೂ ಇದೆ. ನಮ್ಮ ಜಾತಿ ವ್ಯವಸ್ಥೆ ಬಲ್ಲವರು ಇದನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಬೆಂಗಳೂರಿನಲ್ಲಿ ಕೂತು ತೀರ್ಮಾನಿಸುವುದು ಪರಿಹಾರವಲ್ಲ. ಕೇರಿ, ತಾಂಡಾ, ಹಾಡಿಗಳ ಹೆಣ್ಣುಮಕ್ಕಳಿಗೆ ಸಮಿತಿಯಲ್ಲಿ ಹೆಚ್ಚಿನ ಸ್ಥಾನ ಕೊಡೋಣ. ಖರ್ಚುವೆಚ್ಚವನ್ನು ಗ್ರಾಮಸಭೆಯಲ್ಲಿ ಓದಿ ಹೇಳೋಣ. ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲೇ ಇಂಥ ಸಾಮಾಜಿಕ ಪರಿಶೋಧನೆಯನ್ನು ತಂದಿತು. ದಾನದ ಹಣಕ್ಕೆ ಅದನ್ನು ಏಕೆ ಅನ್ವಯಿಸಬಾರದು?

ಕೊಡುವ ಸಂಸ್ಥೆಗಳಲ್ಲಿ ನನ್ನ ಮನವಿ ಇಷ್ಟೆ. ಬರುವ ಆರ್ಥಿಕ ವರ್ಷದಿಂದ ತಲಾ ಒಂದು ಅತ್ಯಂತ ಹಿಂದುಳಿದ ತಾಲ್ಲೂಕನ್ನು ವಹಿಸಿಕೊಳ್ಳಿ. ನಿಯಮ ಒಪ್ಪುವ ಪೂರ್ಣ ಅವಧಿಗೆ ಹಣ ಕೊಡಿ, ಅದರ ಅರ್ಧವನ್ನಾದರೂ ಅಲ್ಲಿ ದುಡಿಯುವವರ ಸಂಬಳ, ತರಬೇತಿಗಳಿಗೆ ಮೀಸಲಿಡಿ; ಅರ್ಜಿಯ ನಮೂನೆ ಕನ್ನಡದಲ್ಲಿರಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಇದನ್ನೇ ನಿರ್ಣಯವಾಗಿ ಮಂಡಿಸುತ್ತೇನೆ. ತಾವೆಲ್ಲರೂ ಬೆಂಬಲಿಸಬೇಕೆಂದು ಕೋರುತ್ತೇನೆ.