ಹ್ಯಾಟೆಯ ಮೆದುಮೊಟ್ಟೆ, ದಿಬ್ಬದ ಧೂಳು

(ಬಂಗಾರಪೇಟೆಯಲ್ಲಿ ಸೇರಿದ್ದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಕೂಟದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಟ್ಟ, ಕೆರೆ, ಕಾಡುಗಳ ಬಗೆಗೆ ಮಾತನಾಡುವ ಈ ವೇದಿಕೆಯಲ್ಲಿ ನಾನು ಇಂದು ಒಂದು ಕೋಳಿಮೊಟ್ಟೆಯನ್ನು ಕುರಿತು ಮಾತನಾಡಲು ನಿಂತಿದ್ದೇನೆ. ವಿಷಯ ಚಿಕ್ಕದೆಂದು ಯಾರೂ ಭಾವಿಸಬಾರದು. ಹಿತ್ತಲಿನ ಐದಾರು ಕೋಳಿಗಳೇ ಅನೇಕ ತಾಯಂದಿರ ಕೈಖರ್ಚಿನ ಆಧಾರ; ಮಕ್ಕಳ ತಟ್ಟೆಗೆ ಬೀಳುವ ಪೌಷ್ಟಿಕ ಆಹಾರವೂ ಅದೇ.

ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳಿಗೆ ಹೆಚ್ಚು ದೂರವಿಲ್ಲದ ಹಳ್ಳಿಯೊಂದರಿಂದ ಹೋದ ವರ್ಷ ವಯಸ್ಸಾದ ತಾಯಿಯೊಬ್ಬರು ನನ್ನ ಮನೆಗೆ ಬಂದರು. ಸೆರಗಿನ ಮರೆಯಿಂದ ಒಂದು ಬಟ್ಟಲನ್ನು ತೆಗೆದು ಮುಂದಿಟ್ಟರು. ಅದರಲ್ಲಿದ್ದದ್ದು ಚಿಪ್ಪೇ ಇಲ್ಲದ ಮೊಟ್ಟೆ; ತೆಳುವಾದ ಪೊರೆಯೊಳಗೆ ನೀರು ತುಂಬಿದ ಚೀಲದಂತೆ ಅಲುಗಾಡುತ್ತಿತ್ತು. "ಮೇಷ್ಟ್ರೇ, ನೋಡಿ. ಗಾಳಿ ಕಾಲದಲ್ಲಿ ದಿಬ್ಬದ ಧೂಳು ನಮ್ಮ ಅನ್ನಕ್ಕೆ ಬೀಳ್ತಿತ್ತು, ಈಗ ಕೋಳಿ ಹೊಟ್ಟೆಗೂ ಹೋಯ್ತು. ನಮ್ಮ ಯಜಮಾನ್ರು ಐದು ಹ್ಯಾಟೇನೂ ಸಂತೇಲಿ ಮಾರಿಬಿಡೋಣ ಅಂತಿದ್ದಾರೆ" ಎಂದರು. ಹ್ಯಾಟೆ ಎಂದರೆ ಆಗತಾನೆ ಮೊದಲ ಮೊಟ್ಟೆಗೆ ಬಂದಿರುವ ಎಳೆಯ ಹೆಣ್ಣುಕೋಳಿಯೆಂದು ಇಲ್ಲಿರುವ ಹಿರಿಯರಿಗೆ ಹೇಳಬೇಕಾಗಿಲ್ಲ.

ಆ ತಾಯಿಯ ಭಯ ಅಕಾರಣವಾದುದಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ಅದಿರನ್ನು ಪುಡಿಮಾಡಿ, ಸೈನೈಡಿನಿಂದ ಚಿನ್ನವನ್ನು ಬೇರ್ಪಡಿಸಿ ಉಳಿದದ್ದನ್ನು ಸುರಿದ ದಿಬ್ಬಗಳು ಹಾಗೆಯೇ ಉಳಿದವು. ಆದರೂ ನಾನು ಅವರಿಗೆ ಕೇಳಿದ ಮೊದಲ ಪ್ರಶ್ನೆ ದಿಬ್ಬದ ಬಗೆಗಿನದಾಗಿರಲಿಲ್ಲ. ಕೋಳಿಗೆ ವಯಸ್ಸೆಷ್ಟು, ಮೊಟ್ಟೆಗೆ ಬಂದು ಎಷ್ಟು ದಿನವಾಯಿತು, ಏನು ಮೇವು ಹಾಕುತ್ತೀರಿ ಎಂದು ಕೇಳಿದೆ. ಗಿರಿರಾಜ ತಳಿ, ಆರು ತಿಂಗಳು ತುಂಬುತ್ತಿದೆ, ಹದಿನೈದು ದಿನಗಳಿಂದ ಮೊಟ್ಟೆ ಇಡುತ್ತಿವೆ, ರಾಗಿ ಮತ್ತು ಅನ್ನ ಹಾಕುತ್ತೇವೆ ಎಂದರು. ಉತ್ತರದ ಬಹುಪಾಲು ಅಲ್ಲಿಯೇ ಇತ್ತು.

ಮೊಟ್ಟೆಯ ಚಿಪ್ಪು ಹೇಗೆ ಕಟ್ಟುತ್ತದೆಂಬುದನ್ನು ಮೊದಲು ತಿಳಿಯೋಣ. ಒಂದು ಮೊಟ್ಟೆ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಆ ಕೆಲಸದ ಬಹುಭಾಗ ನಡೆಯುವುದು ರಾತ್ರಿ, ಕೋಳಿ ಗೂಡಿನಲ್ಲಿ ಮಲಗಿರುವಾಗ. ಚಿಪ್ಪಿನ ತೂಕ ಐದಾರು ಗ್ರಾಂ. ನೂರಕ್ಕೆ 95ರಷ್ಟು ಅದು ಸುಣ್ಣದ ಕಲ್ಲಿನಲ್ಲಿರುವ ಪದಾರ್ಥವೇ, ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಪ್ರತಿ ಮೊಟ್ಟೆಯೊಂದಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಕೋಳಿಯ ಮೈಯಿಂದ ಹೊರಗೆ ಹೋಗುತ್ತದೆ.

ರಾತ್ರಿ ಮೇವಿಲ್ಲದ ಹೊತ್ತಿನಲ್ಲಿ ಅಷ್ಟು ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ? ಸ್ವಲ್ಪ ಹೊಟ್ಟೆಯಲ್ಲಿ ಉಳಿದ ಆಹಾರದಿಂದ, ಉಳಿದದ್ದು ಮೂಳೆಯಿಂದ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಮುಂಚೆಯೇ ಹ್ಯಾಟೆಯ ಕಾಲಿನ ಮೂಳೆಗಳ ಪೊಳ್ಳಿನೊಳಗೆ ವಿಶೇಷವಾದ ಎಳೆಮೂಳೆ ಬೆಳೆಯತೊಡಗುತ್ತದೆ. ಅದೇ ಅದರ ಕಣಜ. ರಾತ್ರಿ ಕಣಜದಿಂದ ತೆಗೆದು ಹಗಲು ತುಂಬಿಸಬೇಕು. ತುಂಬಿಸಲು ಸಿಗದಿದ್ದರೆ ಮೊದಲು ಚಿಪ್ಪು ತೆಳುವಾಗುತ್ತದೆ, ಅನಂತರ ಕೋಳಿಯೇ ಕುಗ್ಗುತ್ತದೆ.

ಇಲ್ಲೊಂದು ಲೆಕ್ಕವಿದೆ. ರಾಗಿಯಲ್ಲಿ ಸುಣ್ಣದ ಅಂಶ ಹೆಚ್ಚೆಂದು ನಾವು ಕೋಲಾರದವರು ಹೆಮ್ಮೆಪಡುತ್ತೇವೆ. ಅದು ನಿಜ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲಿಯೂ ಅಷ್ಟಿಲ್ಲ. ಆದರೆ ಕೋಳಿ ದಿನಕ್ಕೆ ತಿನ್ನುವುದೇ 100ರಿಂದ 120 ಗ್ರಾಂ. ಬರೀ ರಾಗಿಯನ್ನೇ ತಿಂದರೂ ಅರ್ಧ ಗ್ರಾಂ ಕ್ಯಾಲ್ಸಿಯಂ ಸಹ ದೊರೆಯದು. ತಿಂದದ್ದರಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮೈಗೆ ಹತ್ತುವುದರಿಂದ ದಿನವೂ ಮೊಟ್ಟೆಯಿಡುವ ಕೋಳಿಗೆ ಸುಮಾರು ನಾಲ್ಕು ಗ್ರಾಂ ಬೇಕು. ಮನುಷ್ಯನ ಮೂಳೆಗೆ ಒಳ್ಳೆಯದಾದ ರಾಗಿ ಕೋಳಿಯ ಮೊಟ್ಟೆಗೆ ಸಾಲದು.

ನಮ್ಮ ನಾಟಿ ಕೋಳಿಗೆ ಈ ತೊಂದರೆ ಅಷ್ಟಾಗಿ ಏಕಿರಲಿಲ್ಲ? ಅದು ತಿಪ್ಪೆ ಕೆದಕಿ ಹುಳು, ಬಸವನಹುಳು, ಕಲ್ಲಿನ ಚೂರುಗಳನ್ನು ತಿನ್ನುತ್ತಿತ್ತು. ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತಿತ್ತು. ಕಾವಿನ ದಿನಗಳೂ ಮರಿ ಸಾಕುವ ದಿನಗಳೂ ಅದರ ಮೂಳೆಗೆ ವಿಶ್ರಾಂತಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂತಹ ತಳಿಗಳು ನಾಟಿ ಕೋಳಿಯ ಎರಡರಷ್ಟು, ಅದಕ್ಕೂ ಹೆಚ್ಚು ಮೊಟ್ಟೆ ಇಡುತ್ತವೆ. ತಳಿ ಬದಲಾಯಿಸಿದೆವು, ತಟ್ಟೆ ಬದಲಾಯಿಸಲಿಲ್ಲ.

ಇದರ ಜೊತೆಗೆ ಎಳೆಯ ವಯಸ್ಸಿನದೇ ಒಂದು ಕಾರಣವಿದೆ. ಮೊದಲ ಕೆಲವು ವಾರ ಹ್ಯಾಟೆಯ ದೇಹಕ್ಕೆ ಲಯ ಕೂಡಿರುವುದಿಲ್ಲ. ಕೆಲವೊಮ್ಮೆ ಎರಡು ಹಳದಿಗಳು ಬೇಗಬೇಗನೆ ಇಳಿದು ಒಂದು ಅವಧಿಗೆ ಮುನ್ನವೇ ಹೊರಬೀಳುತ್ತದೆ. ರಾತ್ರಿ ನಾಯಿ, ಮುಂಗುಸಿ ಅಥವಾ ಪಟಾಕಿಯ ಸದ್ದಿಗೆ ಬೆದರಿದರೂ ಹೀಗಾಗಬಹುದು. ಆದ್ದರಿಂದ ಮೊದಲ ತಿಂಗಳಲ್ಲಿ ಒಂದೆರಡು ಮೆದುಮೊಟ್ಟೆ ಬಿದ್ದರೆ ಕೋಳಿಯನ್ನು ಮಾರುವುದಾಗಲಿ ಕೊಯ್ಯುವುದಾಗಲಿ ಅವಿವೇಕ. ಬೇಸಿಗೆಯೂ ಒಂದು ಕಾರಣ. ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ರಕ್ತದಲ್ಲಿನ ಇಂಗಾಲಾಮ್ಲ ಕಡಿಮೆಯಾಗಿ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಉಪ್ಪಿನ ಅಂಶ ಹೆಚ್ಚಿರುವ ಕುಡಿಯುವ ನೀರಿನಿಂದಲೂ ಚಿಪ್ಪು ಕೆಡುತ್ತದೆಂದು 1980ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಆಳದ ಕೊಳವೆಬಾವಿಗಳನ್ನೇ ನಂಬಿರುವ ನಮ್ಮ ಸೀಮೆಯವರು ಇದನ್ನು ನೆನಪಿಡಬೇಕು.

ಇನ್ನು ಪರಿಹಾರ. ಮೇವಿನ ಅಂಗಡಿಯಲ್ಲಿ ದೊರೆಯುವ ಚಿಪ್ಪಿನ ಚೂರು ಅಥವಾ ಸುಣ್ಣದ ಕಲ್ಲಿನ ಚೂರನ್ನು ಬೇರೆ ಬಟ್ಟಲಿನಲ್ಲಿ ಸಂಜೆಯ ಹೊತ್ತು ಇಡಿ. ನುಣ್ಣನೆಯ ಪುಡಿಗಿಂತ ತರಿಯಾದದ್ದು ಮೇಲು. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ರಾತ್ರಿಯೆಲ್ಲ ಒದಗುತ್ತದೆ. ದುಡ್ಡಿಲ್ಲದಿದ್ದರೆ ಮನೆಯ ಮೊಟ್ಟೆ ಚಿಪ್ಪುಗಳನ್ನು ತೊಳೆದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಮೊಟ್ಟೆಯ ಗುರುತು ಸಿಗದಂತೆ ಕುಟ್ಟಿ ಕೊಡಿ. ಎಲೆಯಡಿಕೆಯ ಸುಣ್ಣವನ್ನೋ ಗೋಡೆಗೆ ಬಳಿಯುವ ಸುಣ್ಣವನ್ನೋ ಎಂದಿಗೂ ಹಾಕಬೇಡಿ. ಅದು ಬಾಯಿ ಕರುಳುಗಳನ್ನು ಸುಡುತ್ತದೆ. ಮೊಟ್ಟೆಗೆ ಬಾರದ ಮರಿಗಳ ಮೇವಿಗೂ ಚಿಪ್ಪು ಬೆರೆಸಬೇಡಿ. ಹೆಚ್ಚಾದ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಕ್ಕೆ ಹಾನಿ. ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದ ಕೋಳಿ ತಾನೇ ಹುಡುಕಿ ತಿನ್ನುತ್ತದೆ. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಬಿಸಿಲಿಗೆ ಬಿಟ್ಟ ಕೋಳಿಗೆ ಅದು ಪುಕ್ಕಟೆ. ಮಧ್ಯಾಹ್ನಕ್ಕೆ ನೆರಳು, ತಣ್ಣನೆಯ ನೀರು ಇರಲಿ.

ಮೆದುಮೊಟ್ಟೆಯನ್ನು ಕಂಡ ಕೂಡಲೇ ಗೂಡಿನಿಂದ ತೆಗೆಯಬೇಕು. ಒಡೆದರೆ ಕೋಳಿಗಳು ರುಚಿ ನೋಡಿ ಮೊಟ್ಟೆ ತಿನ್ನುವ ಚಾಳಿ ಕಲಿಯುತ್ತವೆ. ಚಿಪ್ಪಿಲ್ಲದ ಮೊಟ್ಟೆಗೆ ಕೊಳೆ ಬೇಗ ಹತ್ತುವುದರಿಂದ ಅದನ್ನು ಮನುಷ್ಯರು ತಿನ್ನದಿರುವುದೇ ಲೇಸು. ಇದ್ದಕ್ಕಿದ್ದಂತೆ ಹಲವು ಕೋಳಿಗಳ ಮೊಟ್ಟೆ ಕೆಟ್ಟು, ಉಸಿರಾಟದ ತೊಂದರೆ, ಹಸಿರು ಭೇದಿ, ಸಾವು ಕಂಡುಬಂದರೆ ಅದು ಚಿಪ್ಪಿನ ಕೊರತೆಯಲ್ಲ, ಕೊಕ್ಕರೆ ರೋಗದಂತಹ ಕಾಯಿಲೆಯಿರಬಹುದು. ಆಗ ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಆ ತಾಯಿ ಕೋಳಿಗಳನ್ನು ಮಾರಲಿಲ್ಲ. ಮೂರು ವಾರಗಳಲ್ಲಿ ನಾಲ್ಕು ಹ್ಯಾಟೆಗಳ ಮೊಟ್ಟೆ ಗಟ್ಟಿಯಾಯಿತು. ಒಂದು ಮಾತ್ರ ಸರಿಹೋಗದೆ ಪಶುವೈದ್ಯರ ಬಳಿಗೆ ಹೋಯಿತು. ಸುದ್ದಿ ಹೇಳಲು ಬಂದಾಗ ಅವರು ಕೇಳಿದ ಪ್ರಶ್ನೆಯೇ ನನ್ನನ್ನು ಇಲ್ಲಿಗೆ ಕರೆತಂದಿದೆ: "ಹಾಗಾದ್ರೆ ಮೇಷ್ಟ್ರೇ, ದಿಬ್ಬದ ಧೂಳಿಂದ ಏನೂ ಆಗಲ್ವಾ?"

ಖಂಡಿತ ಹಾಗಲ್ಲ. ಮೆದುಮೊಟ್ಟೆ ಧೂಳಿನ ವಿರುದ್ಧ ಸಾಕ್ಷಿಯಲ್ಲ, ಗಟ್ಟಿ ಮೊಟ್ಟೆ ಧೂಳಿನ ಪರ ಸಾಕ್ಷಿಯೂ ಅಲ್ಲ. ಹಕ್ಕಿಗಳ ಚಿಪ್ಪನ್ನು ವಿಷ ತೆಳುಮಾಡಿದ್ದುಂಟು. ಇಂಗ್ಲೆಂಡಿನ ಡೆರೆಕ್ ರ‍್ಯಾಟ್‌ಕ್ಲಿಫ್ ಅವರು ಸಂಗ್ರಹಗಳಲ್ಲಿದ್ದ ಹಳೆಯ ಮೊಟ್ಟೆಗಳನ್ನು ಹೊಸವುಗಳೊಂದಿಗೆ ಅಳೆದು ತೂಗಿ, ಬೇಟೆಹಕ್ಕಿಗಳ ಚಿಪ್ಪು ತೆಳುವಾಗಿರುವುದನ್ನು 1967ರಲ್ಲಿ ಪ್ರಕಟಿಸಿದರು. ಕಾರಣ ಡಿ.ಡಿ.ಟಿ. ಎಂಬುದು ಅನಂತರ ದೃಢಪಟ್ಟಿತು. ಆದರೆ ಮನೆಯ ಕೋಳಿ ಆ ವಿಷವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಅದರ ಚಿಪ್ಪು ಹದ್ದು ಗಿಡುಗಗಳ ಚಿಪ್ಪಿನಂತೆ ತೆಳುವಾಗುವುದಿಲ್ಲ. ಒಂದು ಹಕ್ಕಿಯ ಸತ್ಯ ಇನ್ನೊಂದಕ್ಕೆ ಹಾಗೆಯೇ ಅನ್ವಯಿಸದು. ಮತ್ತೊಂದು ನಿದರ್ಶನ: ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹಿತ್ತಲ ಕೋಳಿಗಳ ಮೊಟ್ಟೆಗಳಲ್ಲಿ ಅಂಗಡಿ ಮೊಟ್ಟೆಗಳಿಗಿಂತ ಸರಾಸರಿ 40 ಪಟ್ಟು ಹೆಚ್ಚು ಸೀಸವಿದೆಯೆಂದು 2022ರಲ್ಲಿ ಪ್ರಕಟವಾಯಿತು. ಹಿತ್ತಲ ಮಣ್ಣಿನ ಸೀಸ ಅದು. ಚಿಪ್ಪನ್ನು ನೋಡಿ ಯಾರೂ ಅದನ್ನು ಕಂಡುಹಿಡಿಯಲಾರರು, ಪ್ರಯೋಗಾಲಯವೇ ಹೇಳಬೇಕು.

2024ರ ಜೂನ್‌ನಲ್ಲಿ ಕೆ.ಜಿ.ಎಫ್.ನ 13 ದಿಬ್ಬಗಳನ್ನು ಮತ್ತೆ ಅಗೆದು ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿದೆ. ಸೈನೈಡು ಬಿಸಿಲು ಗಾಳಿಗೆ ಕಾಲಕ್ರಮೇಣ ಒಡೆದುಹೋಗಬಲ್ಲದು. ಲೋಹಾಂಶಗಳು ಹಾಗೆ ಮಾಯವಾಗುವುದಿಲ್ಲ. ದಿಬ್ಬ ಅಗೆಯುವಾಗ ಧೂಳಿನ ಪ್ರಶ್ನೆಯನ್ನು ನಾವು ಕೇಳಲೇಬೇಕಾಗುತ್ತದೆ. ಆಗ ಮೆದುಮೊಟ್ಟೆಯನ್ನು ಹಿಡಿದು ಹೋದರೆ, ಚಿಪ್ಪಿನ ಚೂರು ಹಾಕಿದರೆ ಸರಿಹೋಗುತ್ತದೆಂದು ಅಧಿಕಾರಿಗಳು ಸಾಬೀತುಪಡಿಸುತ್ತಾರೆ. ನಮ್ಮ ನಿಜವಾದ ದೂರೂ ಅದರೊಂದಿಗೆ ಮಣ್ಣುಪಾಲಾಗುತ್ತದೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆಯಿಷ್ಟೆ. ನಿಮ್ಮ ಮನೆಯ ಕೋಳಿಗಳಿಗೆ ಇಂದು ಸಂಜೆಯೇ ಒಂದು ಬಟ್ಟಲು ಚಿಪ್ಪಿನ ಚೂರು ಇಡಿ. ದಿಬ್ಬದ ಬಳಿ ಮೇಯಲು ಬಿಡಬೇಡಿ. ನೋಟ್‌ಪುಸ್ತಕದಲ್ಲಿ ದಿನಾಂಕ, ಮೊಟ್ಟೆಗಳ ಸಂಖ್ಯೆ, ಮೆದುಮೊಟ್ಟೆಗಳ ಸಂಖ್ಯೆ, ಮೇವು, ಬಿಸಿಲು, ಗಾಳಿ ಬರೆದಿಡಿ. ದಿಬ್ಬದ ಸುತ್ತಲ ಮಣ್ಣು, ನೀರು, ಮೊಟ್ಟೆಗಳನ್ನು ಅಗೆತ ಆರಂಭವಾಗುವ ಮೊದಲೇ ಪರೀಕ್ಷೆ ಮಾಡಿಸಬೇಕೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ಮೊದಲಿನ ಲೆಕ್ಕವಿಲ್ಲದವನಿಗೆ ನಂತರದ ನಷ್ಟವನ್ನು ತೋರಿಸಲಾಗದು.