ಸಾವಿನ ನಂತರ ಕೇಸ್ ಶೀಟ್ ಓದುವ ನರ್ಸ್

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ಇಂಗ್ಲೆಂಡಿನಲ್ಲಿ ಹಿರಿಯ ನರ್ಸ್ ಆಗಿರುವ ನಮ್ಮ ಹಳೆಯ ಫಲಾನುಭವಿಯೊಬ್ಬರು ಮಾಡಿದ ಭಾಷಣ)

 

ನರ್ಸ್ ಎಂದರೆ ಇಂಜೆಕ್ಷನ್ ಕೊಡುವವರು, ಡ್ರಿಪ್ ಹಾಕುವವರು ಎಂದು ಎಲ್ಲರಿಗೂ ಗೊತ್ತು. ನನ್ನ ಈಗಿನ ಕೆಲಸ ಬೇರೆ. ರೋಗಿ ತೀರಿಕೊಂಡ ಮೇಲೆ ಅವರ ಕೇಸ್ ಶೀಟನ್ನು ಮೊದಲಿಂದ ಕೊನೆಯವರೆಗೆ ಓದಿ, ಆರೈಕೆ ಹೇಗಿತ್ತು ಎಂದು ಬರೆಯುವುದು.

ಮಿಡ್ ಸ್ಟಾಫರ್ಡ್‌ಶೈರ್‌ನಲ್ಲಿ ನಡೆದ ಕಳಪೆ ಆರೈಕೆಯ ಬಗ್ಗೆ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರಲ್ಲಿ ಬಂತು. ರೋಗಿಗಳ ಮನೆಯವರ ಮಾತನ್ನು ಅಲ್ಲಿ ಕಿವಿಗೆ ಹಾಕಿಕೊಂಡಿರಲಿಲ್ಲ. 2017ರಲ್ಲಿ, ಸಾವುಗಳಿಂದ ಪಾಠ ಕಲಿಯಬೇಕೆಂಬ ರಾಷ್ಟ್ರೀಯ ಮಾರ್ಗಸೂಚಿ ಇಂಗ್ಲೆಂಡಿನ ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ಬಂತು. ಮನೆಯವರು ಅಥವಾ ಸಿಬ್ಬಂದಿ ಆರೈಕೆಯ ಬಗ್ಗೆ ಗಂಭೀರ ಪ್ರಶ್ನೆ ಎತ್ತಿದ ಸಾವನ್ನು ಪರಿಶೀಲಿಸಲೇಬೇಕು.

ದಾಖಲಾದ ಮೊದಲ 24 ಗಂಟೆ, ನಂತರದ ಆರೈಕೆ, ಆಪರೇಷನ್ ಆಗಿದ್ದರೆ ಅದು, ಕೊನೆಯ ದಿನಗಳು. ಒಂದೊಂದಕ್ಕೂ ಕಾರಣ ಬರೆದು 1ರಿಂದ 5ರವರೆಗೆ ಅಂಕ ಕೊಡುತ್ತೇವೆ. ಉಸಿರಾಟ, ಆಮ್ಲಜನಕ, ಬಿಪಿ, ನಾಡಿ, ಪ್ರಜ್ಞೆ, ಜ್ವರ ನೋಡಿ ವಾರ್ಡಿನಲ್ಲಿ ಒಂದು ಎಚ್ಚರಿಕೆಯ ಮೊತ್ತ ಬರೆಯುತ್ತಾರೆ. ಅದು 7 ಅಥವಾ ಹೆಚ್ಚಾದರೆ ತುರ್ತಾಗಿ ವೈದ್ಯರನ್ನು ಕರೆಯಬೇಕು. ರಾತ್ರಿ 2ಕ್ಕೆ 7 ಎಂದು ಬರೆದು, ಮುಂದಿನ ನಮೂದು ಬೆಳಿಗ್ಗೆ 6ಕ್ಕೆ ಇದ್ದರೆ ನಾನು ಅಲ್ಲೇ ನಿಲ್ಲುತ್ತೇನೆ. ವಾರ್ಡಿನಲ್ಲಿ ಎಷ್ಟು ನರ್ಸ್‌ಗಳಿದ್ದರು? ಕರೆದರೂ ಡಾಕ್ಟರು ಬರಲಿಲ್ಲವೇ? ಒಬ್ಬರನ್ನು ಬೈದು ಸುಮ್ಮನಾದರೆ ನಾಳೆ ರಾತ್ರಿಯೂ ಅದೇ ನಡೆಯುತ್ತದೆ. ಲೋಪದಿಂದ ಗಂಭೀರ ಹಾನಿಯಾಗಿದ್ದರೆ ಮನೆಯವರಿಗೆ ತಿಳಿಸುವುದು ಅಲ್ಲಿ ಆಸ್ಪತ್ರೆಯ ಕಾನೂನುಬದ್ಧ ಕರ್ತವ್ಯ.

ನಮ್ಮವರ ಮೊದಲ ಪ್ರಶ್ನೆ, "ದಫನಕ್ಕೆ ತಡವಾಗುತ್ತದೆಯೇ?" ನಾನು ಓದುವುದು ಕಾಗದಪತ್ರ, ಅದಕ್ಕಾಗಿ ಮಯ್ಯಿತ್ ಇಟ್ಟುಕೊಳ್ಳುವುದಿಲ್ಲ. ಆದರೆ 2024ರ ಸೆಪ್ಟೆಂಬರ್ 9ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಕರೋನರ್ ತನಿಖೆಗೆ ಹೋಗದ ಪ್ರತಿ ಸಾವನ್ನೂ ನೋಂದಣಿಗೆ ಮುಂಚೆ ಮೆಡಿಕಲ್ ಎಕ್ಸಾಮಿನರ್ ಎಂಬ ಸ್ವತಂತ್ರ ವೈದ್ಯರು ನೋಡುತ್ತಾರೆ. ಅವರ ಕಚೇರಿಯವರು ಮನೆಯವರೊಡನೆ ಮಾತಾಡುತ್ತಾರೆ. ಬೇಗ ದಫನವಾಗಬೇಕೆಂದು ಆಗಲೇ ಹೇಳಬೇಕು. ಸಂಶಯವಿದ್ದರೆ ಅದನ್ನೂ ಹೇಳಬೇಕು. "ಅಲ್ಲಾಹನ ಇಚ್ಛೆ" ಎಂದು ಸುಮ್ಮನಾಗುವವರೇ ಹೆಚ್ಚು. ಸಾವು ಅವನ ಇಚ್ಛೆ, ನಿಜ. ಬಾಯಾರಿದವರಿಗೆ ನೀರು ಕೊಡದಿದ್ದುದು ಮನುಷ್ಯರ ಕೆಲಸ, ಅದನ್ನು ತಿದ್ದಬಹುದು.

ನಮ್ಮ ದೇಶದಲ್ಲೂ ಬಾಣಂತಿಯರ ಮತ್ತು ಗರ್ಭಿಣಿಯರ ಸಾವಿನ ಪರಿಶೀಲನೆಗೆ ಸರ್ಕಾರದ ಮಾರ್ಗಸೂಚಿ ಇದೆ. ಅಲ್ಲೂ ನರ್ಸ್ ಬರೆದ ಕಾಗದ ಮುಖ್ಯ.

ದಾನಿಗಳಲ್ಲಿ ವಿನಂತಿ: ಅರ್ಜಿಗಳ ನಡುವೆ ಬಿ.ಎಸ್ಸಿ. ನರ್ಸಿಂಗ್ ಕಂಡರೆ ಅದನ್ನು ಎಂಬಿಬಿಎಸ್, ಇಂಜಿನಿಯರಿಂಗ್‌ಗಳ ಅಡಿಯಲ್ಲಿ ಇಡಬೇಡಿ. ತಂದೆ-ತಾಯಂದಿರೇ, ಇದು ಹೆಣ್ಣುಮಕ್ಕಳ ಕೆಲಸವೆಂದು ಗಂಡುಮಕ್ಕಳನ್ನು ತಡೆಯಬೇಡಿ. ಮಕ್ಕಳೇ, ನೋಡಿದ್ದನ್ನು ನೋಡಿದ ಹೊತ್ತಿಗೇ ಬರೆಯಿರಿ. ನೋಡದ ಬಿಪಿಯನ್ನು ಎಂದೂ ಬರೆಯಬೇಡಿ. ಆ ಚಾರ್ಟ್ ನಿಮ್ಮ ಕೈಲಿರುವ ಅಮಾನತ್.